ಬಟ್ಟೆಗೆ ಶೇ. 82 ಗ್ರಾಫ್ಟ್ ಆಗಿದೆ, ಕೆಪ್ಯಾಸಿಟಿ ಮಾತ್ರ 0.24. ಎಲ್ಲಿ ಎಡವಿದೆ?

ನಾರುಬಟ್ಟೆ
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷ, ತಲೆ ಕೆಟ್ಟು ಹೋಗಿದೆ. ಪಾಲಿಪ್ರೊಪಿಲೀನ್ ನಾನ್‌ವೋವನ್ ಬಟ್ಟೆಗೆ ಅಕ್ರಿಲಿಕ್ ಆಸಿಡ್ ಗ್ರಾಫ್ಟ್ ಮಾಡಿ (ಅಂದರೆ ಅದರ ಸರಪಳಿಗಳನ್ನು ಎಳೆಗಳಿಗೆ ಕಸಿ ಕಟ್ಟಿ) ಅಯಾನು ವಿನಿಮಯ ನಾರು ತಯಾರಿಸುತ್ತಿದ್ದೇನೆ. ನೀರಿನಲ್ಲಿರುವ ತಾಮ್ರ, ನಿಕಲ್ ಹಿಡಿಯುವುದಕ್ಕೆ.

ಮಾಡಿದ್ದು ಹೀಗೆ. ಬಟ್ಟೆಗೆ ಗಾಳಿಯಲ್ಲೇ 20 ಕಿಲೋಗ್ರೇ ಗಾಮಾ ಕಿರಣ ಕೊಡಿಸಿದೆ. ಆಮೇಲೆ ನೀರಲ್ಲಿ ಶೇ. 30 ಅಕ್ರಿಲಿಕ್ ಆಸಿಡ್, ಸ್ವಲ್ಪ ಮೋರ್ಸ್ ಸಾಲ್ಟ್ (ಕಬ್ಬಿಣದ ಲವಣ), ನೈಟ್ರೋಜನ್ ಬಿಟ್ಟು 70 ಡಿಗ್ರಿಯಲ್ಲಿ ಮೂರು ಗಂಟೆ. ತೊಳೆದು ಒಣಗಿಸಿ ತೂಗಿದರೆ 1 ಗ್ರಾಂ ಬಟ್ಟೆ 1.82 ಗ್ರಾಂ ಆಗಿತ್ತು. ಅಂದರೆ ಗ್ರಾಫ್ಟಿಂಗ್ ಶೇ. 82. ಲೆಕ್ಕದ ಪ್ರಕಾರ ಕೆಪ್ಯಾಸಿಟಿ, ಅಂದರೆ ಬಟ್ಟೆ ಹಿಡಿಯಬಲ್ಲ ಅಯಾನಿನ ಪ್ರಮಾಣ, ಗ್ರಾಂಗೆ 6.25 ಮಿಲಿ ಈಕ್ವಿವಲೆಂಟ್ ಬರಬೇಕು.

ಟೆಸ್ಟ್: ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ನೆನೆಸಿದೆ, ಚೆನ್ನಾಗಿ ಜಾಲಿಸಿದೆ. 0.5 ಗ್ರಾಂ ತೂಗಿ 100 ಮಿ.ಲೀ. ಉಪ್ಪುನೀರಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ 25 ಮಿ.ಲೀ. ತೆಗೆದು 0.1 ನಾರ್ಮಲ್ ಕಾಸ್ಟಿಕ್ ಸೋಡಾ ಬಿಟ್ಟರೆ ಬರೀ 0.3 ಮಿ.ಲೀ.ಗೇ ಗುಲಾಬಿ ಬಣ್ಣ ಬಂದುಬಿಟ್ಟಿತು! ಲೆಕ್ಕ ಹಾಕಿದರೆ 0.24. ಮೂರು ಸಲ ಮಾಡಿದೆ, ಅದೇ ಕಥೆ. ಗೈಡ್ ಹತ್ತಿರ ಹೋಗೋಕೆ ಧೈರ್ಯ ಬರ್ತಿಲ್ಲ.

ಸುಮ್ನೆ_ಕೇಳ್ದೆ
ಇದನ್ನ ನಮ್ಮನೆ ಬೋರ್ ನೀರಿಗೆ ಹಾಕಬಹುದಾ? ಗೀಸರ್ ಕಾಯಿಲ್ ವರ್ಷಕ್ಕೆ ಎರಡು ಹೋಗುತ್ತೆ.

ರೆಸಿನ್_ರಾಯ
ಹೋಮೋಪಾಲಿಮರ್. ಬೇರೆ ಮಾತೇ ಇಲ್ಲ. ಅಕ್ರಿಲಿಕ್ ಆಸಿಡ್ ಬಟ್ಟೆಗೆ ಅಂಟುವ ಬದಲು ತನ್ನಷ್ಟಕ್ಕೆ ತಾನೇ ಪಾಲಿಮರ್ ಆಗಿ, ಎಳೆಗಳ ಸಂದಿಯಲ್ಲಿ ಗೋಂದಿನ ಹಾಗೆ ಕೂತಿದೆ. ನೀವು ತೂಗಿದ್ದು ಆ ಗೋಂದನ್ನ. ಬಿಸಿ ನೀರಲ್ಲಿ ಇಡೀ ದಿನ ಹಾಕಿ, ಆಮೇಲೆ ತೂಗಿ. 82 ಹೋಗಿ 8 ಆಗುತ್ತೆ.

ಬ್ಯೂರೆಟ್_ಭಟ್ಟ
ರಾಯರೇ, ಸ್ವಲ್ಪ ತಡೀರಿ. ಹೋಮೋಪಾಲಿಮರ್ ಅಂದರೂ ಅದು ಪಾಲಿಅಕ್ರಿಲಿಕ್ ಆಸಿಡ್ ತಾನೆ? ಅದರಲ್ಲೂ ಅದೇ ಕಾರ್ಬಾಕ್ಸಿಲ್ ಗುಂಪು ಇರುತ್ತೆ. ಗೋಂದೇ ಆಗಿದ್ದರೂ ಟೈಟ್ರೇಷನ್‌ನಲ್ಲಿ ಕಾಣಬೇಕಿತ್ತು. 0.24ಕ್ಕೆ ಅದು ಕಾರಣ ಅಲ್ಲ.

ತಂಗಿ, ನಿನ್ನ ತಪ್ಪು ಟೆಸ್ಟ್‌ನಲ್ಲಿದೆ, ಬಟ್ಟೆಯಲ್ಲಿ ಅಲ್ಲ. ಈ ಉಪ್ಪುನೀರಿನ ವಿಧಾನ ಎಲ್ಲಿಂದ ತಗೊಂಡೆ? ಸ್ಟೈರೀನ್ ಗ್ರಾಫ್ಟ್ ಮಾಡಿ ಸಲ್ಫೋನೇಟ್ ಮಾಡಿದ ಯಾವುದೋ ಪೇಪರ್‌ನಿಂದ ಇರಬೇಕು. ಸಲ್ಫೋನಿಕ್ ಗುಂಪು ಬಲವಾದ ಆಮ್ಲ. ಸೋಡಿಯಂ ಬಂತು ಅಂದರೆ ಹೈಡ್ರೋಜನ್ ತಕ್ಷಣ ಜಾಗ ಬಿಡುತ್ತೆ. ಕಾರ್ಬಾಕ್ಸಿಲ್ ದುರ್ಬಲ ಆಮ್ಲ. ಅದು ಹೈಡ್ರೋಜನ್‌ನ ಜಿಪುಣನ ಹಾಗೆ ಹಿಡಿದುಕೊಂಡಿರುತ್ತೆ. ಉಪ್ಪುನೀರು ಹಾಕಿದರೆ ಒಂಚೂರು ಬಿಡುತ್ತೆ, ಪಿಎಚ್ ಮೂರರ ಹತ್ತಿರ ಇಳಿಯುತ್ತೆ, ಅಲ್ಲಿಗೆ ಸಮತೋಲನ. ಇನ್ನು ಒಂದು ವಾರ ಇಟ್ಟರೂ ಅಷ್ಟೇ. ನಿನಗೆ ಸಿಕ್ಕ 0.3 ಮಿ.ಲೀ. ಆ ಒಂಚೂರು.

ಹೀಗೆ ಮಾಡು. 0.1 ನಾರ್ಮಲ್ ಕಾಸ್ಟಿಕ್ 100 ಮಿ.ಲೀ., ಅದರಲ್ಲೇ ಶೇ. 5 ಉಪ್ಪು ಕರಗಿಸು. 0.5 ಗ್ರಾಂ ಬಟ್ಟೆ ಹಾಕಿ ಮುಚ್ಚಿ 24 ಗಂಟೆ ಬಿಡು. ಮೇಲಿನ ತಿಳಿಯಿಂದ 25 ಮಿ.ಲೀ. ತೆಗೆದು, ಉಳಿದ ಕಾಸ್ಟಿಕ್ ಎಷ್ಟಿದೆ ಅಂತ ಆಸಿಡ್‌ನಿಂದ ನೋಡು. ಬಟ್ಟೆ ಹಾಕದ ಒಂದು ಬಾಟಲಿಯನ್ನೂ ಪಕ್ಕದಲ್ಲೇ ಇಡಲೇಬೇಕು. ಕಾಸ್ಟಿಕ್ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಕುಡಿಯುತ್ತೆ, ಆ ನಷ್ಟ ಬಟ್ಟೆಯ ಲೆಕ್ಕಕ್ಕೆ ಸೇರಬಾರದು. ಮತ್ತೆ, ಗಾಜಿನ ಬಿರಡೆ ಇರುವ ಬಾಟಲಿ ಬೇಡ. ಕಾಸ್ಟಿಕ್‌ಗೆ ಬಿರಡೆ ಕಚ್ಚಿಕೊಂಡರೆ ಬಾಟಲಿ ಒಡೆದೇ ತೆಗೆಯಬೇಕು. ಪ್ಲಾಸ್ಟಿಕ್ ಬಾಟಲಿ ತಗೋ.

ರೆಸಿನ್_ರಾಯ
ಸರಿ, ಭಟ್ಟರು ಹೇಳಿದ್ದು ಒಪ್ಪಿದೆ. ಆದರೂ ಬಿಸಿ ನೀರಲ್ಲಿ ತೊಳೆಯಲಿ.

ಬ್ಯೂರೆಟ್_ಭಟ್ಟ
ತೊಳೆಯಬೇಡ ಅಂತ ನಾನು ಯಾವಾಗ ಹೇಳಿದೆ ಮಾರಾಯ್ರೇ?

ಲ್ಯಾಬ್_ಅಕ್ಕ
ಬಟ್ಟೆ ಎಲ್ಲಿಂದ ತಂದಿದ್ದು? ಚೀಲ ಹೊಲಿಯುವ ಅಂಗಡಿಯಿಂದ ಅಲ್ಲ ತಾನೆ? ನಾನು ಹಾಗೆ ತಂದು ಮೂರು ತಿಂಗಳು ಕಳೆದುಕೊಂಡೆ. ಚೀಲದ ಬಟ್ಟೆಗೆ ರೇಟು ಕಮ್ಮಿ ಮಾಡೋಕೆ ಸುಣ್ಣದಕಲ್ಲಿನ ಪುಡಿ ಬೆರೆಸುತ್ತಾರೆ. ನನ್ನ ಬಟ್ಟೆ ಸುಟ್ಟು ನೋಡಿದರೆ ನೂರಕ್ಕೆ ಹನ್ನೆರಡು ಪಾಲು ಬೂದಿ! ಆಸಿಡ್‌ಗೆ ಹಾಕಿದರೆ ತೂಕ ಇಳಿಯುತ್ತೆ, ಗ್ರಾಫ್ಟಿಂಗ್ ಲೆಕ್ಕ ಎಲ್ಲಾ ಗೋವಿಂದ. ಒಂದು ಕ್ರೂಸಿಬಲ್‌ನಲ್ಲಿ ಸುಟ್ಟು ನೋಡಿ.

ನಾರುಬಟ್ಟೆ
ಭಟ್ಟರಿಗೆ ದೊಡ್ಡ ನಮಸ್ಕಾರ. ಹೌದು ಸರ್, ಸಲ್ಫೋನೇಟೆಡ್ ಸ್ಟೈರೀನ್ ಪೇಪರ್‌ನಿಂದಲೇ ಎತ್ತಿದ್ದು. 🙈 ಅಕ್ಕ, ಬಟ್ಟೆ ಫಿಲ್ಟರ್ ಮಾಡುವವರ ಹತ್ತಿರ ತಂದಿದ್ದು. ಆದರೂ ಈಗಲೇ ಸುಟ್ಟು ನೋಡಿದೆ, ಕ್ರೂಸಿಬಲ್‌ನ ತಳದಲ್ಲಿ ಏನೂ ಉಳಿದಿಲ್ಲ. ಕಾಸ್ಟಿಕ್ ಟೆಸ್ಟ್ ಇಟ್ಟಿದ್ದೇನೆ, ನಾಳೆ ಹೇಳ್ತೀನಿ.

ಗಾಮಾ60
ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಅಕ್ರಿಲಿಕ್ ಆಸಿಡ್ ಫ್ರಿಜ್‌ನಲ್ಲಿ ಇಟ್ಟಿದ್ದೀರಾ? ಅದು 13 ಡಿಗ್ರಿಗೇ ಗಟ್ಟಿಯಾಗುತ್ತೆ. ಗಟ್ಟಿಯಾದ ಬಾಟಲಿಯನ್ನು ಬಿಸಿ ನೀರಲ್ಲೋ ಹೀಟರ್ ಪಕ್ಕದಲ್ಲೋ ಇಟ್ಟು ಕರಗಿಸುವ ಚಾಳಿ ಲ್ಯಾಬ್‌ಗಳಲ್ಲಿ ಇದೆ. ಬೇಡವೇ ಬೇಡ. ಹರಳುಗಟ್ಟುವಾಗ ಇನ್ಹಿಬಿಟರ್ (ತಾನಾಗಿ ಪಾಲಿಮರ್ ಆಗದಂತೆ ತಡೆಯೋಕೆ ಬೆರೆಸಿದ್ದು) ಹರಳಿನೊಳಗೆ ಸೇರುವುದಿಲ್ಲ, ಆಚೆ ಉಳಿಯುತ್ತೆ. ಬಿಸಿ ಮಾಡಿದರೆ ಮೊದಲು ಕರಗಿದ ಭಾಗದಲ್ಲಿ ಕಾಯುವವರೇ ಇಲ್ಲದ ಹಾಗೆ ಆಗುತ್ತೆ, ಪಾಲಿಮರ್ ಆಗುತ್ತಾ ಬಿಸಿ ಏರಿ ಬಾಟಲಿ ಸಿಡಿಯಬಹುದು. ರೂಮಿನ ಬಿಸಿಯಲ್ಲೇ ನಿಧಾನಕ್ಕೆ ಕರಗಲಿ, ಆಗಾಗ ಅಲ್ಲಾಡಿಸಿ. ಬಾಟಲಿಯೊಳಗೆ ಗಾಳಿಯೂ ಇರಬೇಕು, ಆ ಇನ್ಹಿಬಿಟರ್ ಕೆಲಸ ಮಾಡೋಕೆ ಆಮ್ಲಜನಕ ಬೇಕು.

ಇನ್ನೊಂದು. ಪಾಲಿಪ್ರೊಪಿಲೀನ್‌ಗೆ ಗಾಮಾ ಅಂದರೆ ಆಗಲ್ಲ. ಪಾಲಿಥೀನ್ ಆದರೆ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಪಾಲಿಪ್ರೊಪಿಲೀನ್ ತುಂಡಾಗುವುದೇ ಜಾಸ್ತಿ. 20 ಪರವಾಗಿಲ್ಲ. ಗ್ರಾಫ್ಟಿಂಗ್ ಜಾಸ್ತಿ ಮಾಡೋಣ ಅಂತ ನೂರಕ್ಕೆ ಹೋದರೆ ಬಟ್ಟೆ ಹಪ್ಪಳದ ಹಾಗೆ ಮುರಿಯುತ್ತೆ. ಕಿರಣ ಕೊಡಿಸಿದ ಮೇಲೆ ಎಷ್ಟು ದಿನ ಇಟ್ಟಿದ್ದಿರಿ?

ನಾರುಬಟ್ಟೆ
ಒಂಬತ್ತು ದಿನ, ಡ್ರಾಯರ್‌ನಲ್ಲಿ.

ಗಾಮಾ60
ಡ್ರಾಯರ್‌ನಲ್ಲಾ! ಡೀಪ್ ಫ್ರೀಜರ್‌ಗೆ ಹಾಕಬೇಕಿತ್ತು. ಕಿರಣದಿಂದ ಹುಟ್ಟಿದ, ಗ್ರಾಫ್ಟ್ ಶುರು ಮಾಡುವ ರ‍್ಯಾಡಿಕಲ್‌ಗಳು ಸಾಯುತ್ತಾ ಹೋಗುತ್ತವೆ. ಗಾಳಿಯಲ್ಲಿ ಕೊಡಿಸಿದ್ದರಿಂದ ಪೆರಾಕ್ಸೈಡ್ ಉಳಿದು ನಿಮ್ಮ ಪುಣ್ಯಕ್ಕೆ ಕೆಲಸ ಆಗಿದೆ. ಮುಂದಿನ ಬ್ಯಾಚ್ ಬೇರೆ ಬೇರೆ ದಿನ ಇಟ್ಟರೆ ಬೇರೆ ಬೇರೆ ನಂಬರ್ ಬರುತ್ತೆ, ಆಮೇಲೆ ಮತ್ತೆ ಇಲ್ಲಿ ಬಂದು ಅಳಬೇಡಿ.

ತೆಂಗಿನಗರಿ
ನಾವು ತಿಪಟೂರು ಕಡೆಯವರು. ಇಷ್ಟೆಲ್ಲ ಪ್ಲಾಸ್ಟಿಕ್ ಯಾಕೆ, ತೆಂಗಿನ ನಾರು ಬಳಸಬಾರದಾ? ನಮ್ಮ ಕಡೆ ರಾಶಿ ಬಿದ್ದಿರುತ್ತೆ.

ಲ್ಯಾಬ್_ಅಕ್ಕ
ಬಳಸುತ್ತಾರೆ. ಹತ್ತಿ, ಸೆಣಬು, ತೆಂಗಿನ ನಾರು ಎಲ್ಲದರಲ್ಲೂ ಸೆಲ್ಯುಲೋಸ್ ಇದೆ. ಅದಕ್ಕೆ ಗಾಮಾ ಕೂಡ ಬೇಕಿಲ್ಲ, ಸೀರಿಕ್ ಅಮೋನಿಯಂ ನೈಟ್ರೇಟ್ ಹಾಕಿದರೆ ಸಾಕು, ಗ್ರಾಫ್ಟ್ ಶುರುವಾಗುತ್ತೆ. ತೊಂದರೆ ಏನು ಅಂದರೆ ತೆಂಗಿನ ನಾರಲ್ಲಿ ಲಿಗ್ನಿನ್ ಜಾಸ್ತಿ. ನೀವು ಹಾಕಿದ ಸೀರಿಯಂ ಅದೇ ತಿಂದುಹಾಕುತ್ತೆ. ಮೊದಲು ಕಾಸ್ಟಿಕ್, ಬ್ಲೀಚ್ ಅಂತ ಮಾಡಿ ಲಿಗ್ನಿನ್ ತೆಗೀಬೇಕು. ಅಷ್ಟೊತ್ತಿಗೆ ಅಗ್ಗದ ನಾರು ಅಗ್ಗ ಆಗಿ ಉಳಿದಿರಲ್ಲ. ಕಾಲಂನಲ್ಲಿ ಆರು ತಿಂಗಳು ಒದ್ದೆ ಇದ್ದರೆ ಕೊಳೆಯುತ್ತೆ ಬೇರೆ.

ತೆಂಗಿನಗರಿ
ಹಗ್ಗ ಆರು ತಿಂಗಳು ಬಾವಿಯಲ್ಲಿದ್ದರೂ ಏನೂ ಆಗಲ್ಲ ಮೇಡಂ. ನೀವು ಬಾವಿ ನೋಡಿಲ್ಲ ಅನ್ಸುತ್ತೆ.

ಲ್ಯಾಬ್_ಅಕ್ಕ
ಅದು ಕೊಳೆಯದೆ ಇರೋದು ಆ ಲಿಗ್ನಿನ್‌ನಿಂದಲೇ ಸ್ವಾಮಿ! ಅದನ್ನ ತೆಗೆದ ಮೇಲಿನ ಕಥೆ ನಾನು ಹೇಳ್ತಿರೋದು. ಬಾವಿ ಸೇದಿಯೇ ಬೆಳೆದವಳು ನಾನು.

ನಾರುಬಟ್ಟೆ
ರಿಸಲ್ಟ್ ಬಂತು! ಖಾಲಿ ಬಾಟಲಿ 24.8 ಮಿ.ಲೀ., ಬಟ್ಟೆ ಇದ್ದದ್ದು 19.9. ವ್ಯತ್ಯಾಸ 4.9. ಲೆಕ್ಕಕ್ಕೆ 3.92. 0.24 ಎಲ್ಲಿ, 3.92 ಎಲ್ಲಿ! ಕುಣಿಯಬೇಕು ಅನ್ನಿಸಿತು. ಆದರೆ 6.25 ಆಗಿಲ್ಲವಲ್ಲ. ಇನ್ನೂ ಮೂರನೇ ಒಂದು ಭಾಗ ಎಲ್ಲಿ ಹೋಯಿತು?

ರೆಸಿನ್_ರಾಯ
ಈಗ ಹೇಳ್ತೀನಿ, ಹೋಮೋಪಾಲಿಮರ್.

ಬ್ಯೂರೆಟ್_ಭಟ್ಟ
😐

ಲ್ಯಾಬ್_ಅಕ್ಕ
ಎಫ್‌ಟಿಐಆರ್ (ಇನ್‌ಫ್ರಾರೆಡ್ ಸ್ಪೆಕ್ಟ್ರಮ್) ತೆಗೆದಿದ್ದೀರಾ? 1710ರಲ್ಲಿ ಕಾರ್ಬಾಕ್ಸಿಲ್ ಪೀಕ್ ಇದ್ದೇ ಇರುತ್ತೆ. ಅದು ಬಿಟ್ಟು 1550ರ ಆಸುಪಾಸಲ್ಲಿ ಏನಾದರೂ ಇದೆಯಾ ನೋಡಿ.

ನಾರುಬಟ್ಟೆ
ಇದೆ ಅಕ್ಕ! ಅಗಲವಾದ ಒಂದು ಗುಡ್ಡ. ನೀರು ಇರಬೇಕು ಅಂದುಕೊಂಡು ಬಿಟ್ಟಿದ್ದೆ.

ಲ್ಯಾಬ್_ಅಕ್ಕ
ನೀರಿನದು 1640ರ ಹತ್ತಿರ. 1550 ಅಂದರೆ ಕಾರ್ಬಾಕ್ಸಿಲೇಟ್. ನಿಮ್ಮ ಬಟ್ಟೆ ಪೂರ್ತಿ ಹೈಡ್ರೋಜನ್ ರೂಪದಲ್ಲಿ ಇಲ್ಲ. ಆಗಲೇ ಯಾವುದೋ ಲೋಹ ಬಂದು ಕೂತಿದೆ. ಆಸಿಡ್ ಹಾಕಿದ ಮೇಲೆ ಯಾವ ನೀರಲ್ಲಿ ಜಾಲಿಸಿದಿರಿ?

ನಾರುಬಟ್ಟೆ
ಮೊದಲು ನಲ್ಲಿ ನೀರು, ಕೊನೆಗೆ ಒಂದು ಸಲ ಡಿಸ್ಟಿಲ್ಡ್. ಡಿಸ್ಟಿಲ್ಡ್ ನೀರು ಲೆಕ್ಕ ಹಾಕಿ ಕೊಡುತ್ತಾರೆ ಅಕ್ಕ.

ಬ್ಯೂರೆಟ್_ಭಟ್ಟ
ಅಯ್ಯೋ ದೇವರೇ. ನಲ್ಲಿಯಲ್ಲಿ ಬರೋದು ಬೋರ್ ನೀರಾ?

ನಾರುಬಟ್ಟೆ
ಹೌದು ಸರ್. ನಮ್ಮದು ಕೋಲಾರದ ಕಡೆ. ಬೀಕರ್ ಒಣಗಿದರೆ ಬೆಳ್ಳಗೆ ಪಟ್ಟೆ ಬರುತ್ತೆ.

ಬ್ಯೂರೆಟ್_ಭಟ್ಟ
ಕಳ್ಳ ಸಿಕ್ಕಿಬಿದ್ದ. ಲೆಕ್ಕ ಮಾಡೋಣ. ನಿಮ್ಮ ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ) ಅಂದುಕೋ. ಲೀಟರಿಗೆ 8 ಮಿಲಿ ಈಕ್ವಿವಲೆಂಟ್ ಆಯಿತು. ನಿನ್ನ ಅರ್ಧ ಗ್ರಾಂ ಬಟ್ಟೆಯ ಪೂರ್ತಿ ಕೆಪ್ಯಾಸಿಟಿ ಸುಮಾರು 3. ಅರ್ಧ ಲೀಟರ್ ನಲ್ಲಿ ನೀರಲ್ಲೇ ಅದಕ್ಕಿಂತ ಜಾಸ್ತಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದೆ. ಕಾರ್ಬಾಕ್ಸಿಲ್ ಉಪ್ಪಿಗೆ ಹೈಡ್ರೋಜನ್ ಬಿಡಲ್ಲ ಅಂದೆನಲ್ಲ. ಆದರೆ ಬೋರ್ ನೀರಲ್ಲಿ ಬೈಕಾರ್ಬನೇಟ್ ಇರುತ್ತೆ. ಅದು ಹೈಡ್ರೋಜನ್‌ನ ಹಿಡಿದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿಬಿಡುತ್ತೆ. ಖಾಲಿಯಾದ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂರುತ್ತೆ. ನೀನು ತೊಳೆದೆ ಅಂದುಕೊಂಡೆ, ಬಟ್ಟೆ ಅಷ್ಟೊತ್ತಿಗೆ ಕೆಲಸ ಶುರು ಮಾಡಿಕೊಂಡಿತ್ತು.

ಕ್ಯಾಲ್ಸಿಯಂ ಕೂತ ಜಾಗ ಕಾಸ್ಟಿಕ್ ತಗೊಳ್ಳಲ್ಲ. ಅದೇ ನಿನ್ನ ಕಳೆದುಹೋದ ಮೂರನೇ ಒಂದು ಭಾಗ.

ಗಾಮಾ60
ಮೋರ್ಸ್ ಸಾಲ್ಟ್‌ನ ಕಬ್ಬಿಣವನ್ನೂ ಮರೀಬೇಡಿ. ಹೋಮೋಪಾಲಿಮರ್ ತಡೆಯೋಕೆ ಹಾಕಿದ್ದು ಸರಿ, ಆದರೆ ಅದು ಕಾರ್ಬಾಕ್ಸಿಲ್‌ಗೇ ಅಂಟಿಕೊಳ್ಳುತ್ತೆ. ಬಟ್ಟೆ ತೆಳು ಹಳದಿ ಬಣ್ಣಕ್ಕೆ ತಿರುಗಿದೆಯಾ? ಹಾಗಿದ್ದರೆ ಒಂದು ಸಲ ಆಸಿಡ್ ಸಾಲದು. ಹಳದಿ ಹೋಗುವ ತನಕ ಹೊಸ ಆಸಿಡ್ ಹಾಕಿ.

ಸುಮ್ನೆ_ಕೇಳ್ದೆ
ಅಂದ್ರೆ ಬೋರ್ ನೀರಿನ ಕ್ಯಾಲ್ಸಿಯಂ ಹಿಡೀತು ಅಲ್ವಾ? ನಾನು ಮೊದಲೇ ಕೇಳಿದ್ದೆ!

ರೆಸಿನ್_ರಾಯ
😂 ಈ ಥ್ರೆಡ್‌ನಲ್ಲಿ ಮೊದಲು ಸರಿಯಾದ ಪ್ರಶ್ನೆ ಕೇಳಿದವರು ಇವರೇ. ಸ್ವಾಮಿ, ಮನೆಗೆ ಮಾಮೂಲಿ ಸಾಫ್ಟ್‌ನರ್ ಹಾಕಿಸಿ, ಅದರಲ್ಲಿ ಸಲ್ಫೋನಿಕ್ ರೆಸಿನ್ ಇರುತ್ತೆ. ಉಪ್ಪು ಹಾಕಿದರೆ ಮತ್ತೆ ಚಾರ್ಜ್ ಆಗುತ್ತೆ. ಇವರ ಬಟ್ಟೆಗೆ ಪ್ರತಿ ಸಲ ಆಸಿಡ್ ಸುರೀಬೇಕು. ಮನೆಯವರು ಬೈತಾರೆ.

ಪೀಣ್ಯ_ಸೆಕೆಂಡ್_ಸ್ಟೇಜ್
ನಮ್ಮದು ಪ್ಲೇಟಿಂಗ್ ಕೆಲಸ. ಜಾಲಿಸಿದ ನೀರಲ್ಲಿ ನಿಕಲ್, ಕ್ರೋಮ್ ಎರಡೂ ಬರುತ್ತೆ. ಈ ಬಟ್ಟೆ ಎರಡನ್ನೂ ಹಿಡಿಯುತ್ತಾ? ರೆಸಿನ್ ಕಾಲಂ ಹಾಕಿದ್ವಿ, ಮಣಿ ಒಡೆದು ಪುಡಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತೆ.

ಬ್ಯೂರೆಟ್_ಭಟ್ಟ
ನಿಕಲ್ ಹಿಡಿಯುತ್ತೆ, ನೀರು ತೀರಾ ಹುಳಿ ಇಲ್ಲದಿದ್ದರೆ. ಪಿಎಚ್ ಎರಡು ಮೂರಕ್ಕೆ ಇಳಿದರೆ ಕಾರ್ಬಾಕ್ಸಿಲ್ ಮತ್ತೆ ಹೈಡ್ರೋಜನ್ ತಬ್ಬಿಕೊಂಡು ಕೂತುಬಿಡುತ್ತೆ. ಅದರಿಂದಲೇ ರೀಜನರೇಷನ್ ಸುಲಭ, ತೆಳು ಆಸಿಡ್ ಸಾಕು. ಕ್ರೋಮ್ ಮಾತು ಬೇರೆ. ಪ್ಲೇಟಿಂಗ್‌ನ ಆರನೇ ವೇಲೆನ್ಸಿ ಕ್ರೋಮಿಯಂ ನೀರಲ್ಲಿ ಕ್ರೋಮೇಟ್ ಆಗಿ ಇರುತ್ತೆ, ಅದು ಋಣ ಅಯಾನು. ಈ ಬಟ್ಟೆಗೆ ಅದು ಕಣ್ಣಿಗೇ ಬೀಳಲ್ಲ. ಅದಕ್ಕೆ ಗ್ಲಿಸಿಡಿಲ್ ಮೆಥಾಕ್ರಿಲೇಟ್ ಗ್ರಾಫ್ಟ್ ಮಾಡಿ, ಅದರ ಎಪಾಕ್ಸಿ ಉಂಗುರಕ್ಕೆ ಅಮೀನ್ ಸೇರಿಸಿದ ನಾರು ಬೇಕು.

ರೆಸಿನ್_ರಾಯ
ನಾರು ಆದರೆ ವೇಗ ಜಾಸ್ತಿ. ರೆಸಿನ್ ಮಣಿ 600 ಮೈಕ್ರಾನ್, ನಾರಿನ ಎಳೆ 30 ಮೈಕ್ರಾನ್. ಅಯಾನು ಒಳಗೆ ನುಗ್ಗುವ ಸಮಯ ದಪ್ಪದ ವರ್ಗಕ್ಕೆ ಹೊಂದಿಕೊಂಡಿರುತ್ತೆ. ಅಂದರೆ 400 ಪಟ್ಟು ಫಾಸ್ಟ್!

ಜಪಾನ್_ಕನ್ನಡಿಗ
ಕಾಗದದ ಮೇಲೆ 400. ಒಳಗೆ ನುಗ್ಗುವುದೇ ನಿಧಾನ ಆಗಿದ್ದಾಗ ಮಾತ್ರ ಆ ಲೆಕ್ಕ. ನೀರಲ್ಲಿ ಲೋಹ ತೀರಾ ಕಮ್ಮಿ ಇದ್ದರೆ ಎಳೆಯ ಹೊರಗಿನ ತೆಳು ನೀರಿನ ಪದರ ದಾಟುವುದೇ ತಡ ಆಗುತ್ತೆ. ಆಗ ವ್ಯತ್ಯಾಸ ಅಷ್ಟು ಇರಲ್ಲ. ಮತ್ತೆ ಒಂದು ಲೀಟರ್ ಕಾಲಂಗೆ ರೆಸಿನ್ ತುಂಬುವಷ್ಟು ನಾರು ತುರುಕೋಕೆ ಆಗಲ್ಲ. ಗ್ರಾಂ ಲೆಕ್ಕದಲ್ಲಿ ಗೆದ್ದು ಲೀಟರ್ ಲೆಕ್ಕದಲ್ಲಿ ಸೋಲ್ತೀರಿ. ಪೀಣ್ಯದವರು ಜಾಗ ಎಷ್ಟಿದೆ ನೋಡಿಕೊಂಡು ತೀರ್ಮಾನ ಮಾಡಲಿ.

ಆದರೆ ಕಾಲಂ ಇಲ್ಲದೆ ಬಳಸುವ ಕಡೆ ನಾರಿಗೆ ಸಾಟಿಯಿಲ್ಲ. ಇಲ್ಲಿಯವರು ಪಾಲಿಥೀನ್ ಬಟ್ಟೆಗೆ ಅಕ್ರಿಲೋನೈಟ್ರೈಲ್ ಗ್ರಾಫ್ಟ್ ಮಾಡಿ, ಹೈಡ್ರಾಕ್ಸಿಲಮೀನ್‌ನಿಂದ ಅಮಿಡಾಕ್ಸಿಮ್ (ಯುರೇನಿಯಂ ಹಿಡಿಯುವ ಗುಂಪು) ಮಾಡಿ, ಅದನ್ನ ಸಮುದ್ರಕ್ಕೇ ಇಳಿಬಿಟ್ಟರು. 1999ರಿಂದ 2001ರವರೆಗೆ ಒಟ್ಟು 240 ದಿನ ಮುಳುಗಿಸಿ, ಯೆಲ್ಲೋಕೇಕ್ (ಯುರೇನಿಯಂ ಆಕ್ಸೈಡ್ ಪುಡಿ) ಲೆಕ್ಕದಲ್ಲಿ 1 ಕಿಲೋಗಿಂತ ಜಾಸ್ತಿ ಯುರೇನಿಯಂ ತೆಗೆದರು. ಪಂಪ್ ಇಲ್ಲ, ಏನಿಲ್ಲ, ಅಲೆಯೇ ನೀರು ತಂದು ಕೊಡುತ್ತೆ.

ಕಡಲ_ತಡಿ
ಹಾಗಾದ್ರೆ ಪಣಂಬೂರಲ್ಲಿ ಒಂದು ಚಾಪೆ ಇಳಿಬಿಟ್ಟು ಕೂರುವುದೇ ಒಳ್ಳೇದು ಮಾರಾಯ್ರೇ, ಮೀನೂ ಸಿಗ್ತದೆ.

ಜಪಾನ್_ಕನ್ನಡಿಗ
ಕೂರಿ. ಸಾವಿರ ಲೀಟರ್ ಸಮುದ್ರದ ನೀರಲ್ಲಿ ಸುಮಾರು 3.3 ಮಿಲಿಗ್ರಾಂ ಯುರೇನಿಯಂ. ಒಂದು ಗ್ರಾಂಗೆ ಮೂರು ಲಕ್ಷ ಲೀಟರ್ ನಿಮ್ಮ ಚಾಪೆ ದಾಟಬೇಕು, ಅದೂ ಒಂದು ಚೂರೂ ತಪ್ಪಿಸಿಕೊಳ್ಳದೆ. ನಡುವೆ ವೆನೇಡಿಯಂ ಬಂದು ಸೀಟು ಹಿಡಿದುಬಿಡುತ್ತೆ, ಅಮಿಡಾಕ್ಸಿಮ್‌ಗೆ ಅದರ ಮೇಲೆ ಪ್ರೀತಿ ಜಾಸ್ತಿ.

ಕಡಲ_ತಡಿ
ಮೀನೇ ಸಾಕು.

ನಾರುಬಟ್ಟೆ
ನಾಲ್ಕು ದಿನದ ನಂತರ ಬಂದೆ. ಎಲ್ಲರೂ ಹೇಳಿದ್ದೆಲ್ಲ ಮಾಡಿದೆ. ಬಟ್ಟೆಯನ್ನು ಬಿಸಿ ಡಿಸ್ಟಿಲ್ಡ್ ನೀರಲ್ಲಿ ಎರಡು ದಿನ ಬಿಟ್ಟೆ, ನಾಲ್ಕು ಸಲ ನೀರು ಬದಲಾಯಿಸಿದೆ. ಮೊದಲ ನೀರು ಬೆರಳಿಗೆ ಗಂಜಿಯ ಹಾಗೆ ಜಾರುತ್ತಿತ್ತು, ರಾಯರ ಮಾತೂ ಸುಳ್ಳಲ್ಲ. ಆಸಿಡ್ ಮೂರು ಸಲ, ಮೂರನೇ ಸಲಕ್ಕೆ ಹಳದಿ ಹೋಯಿತು. ಡಿಸ್ಟಿಲ್ಡ್ ನೀರಲ್ಲೇ ಜಾಲಿಸಿದೆ. ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿ, ಮುಚ್ಚಿದ ಬಾಟಲಿಯಲ್ಲೇ ತೂಗಿದೆ. ಒಂದು ಸಲ ಬಾಟಲಿ ತೆರೆದಿಟ್ಟು ತೂಗಿ ನೋಡಿದರೆ ಬ್ಯಾಲೆನ್ಸ್‌ನ ಕೊನೆಯ ಅಂಕಿ ಕಣ್ಣೆದುರೇ ಏರುತ್ತಿತ್ತು! ಬಟ್ಟೆ ಗಾಳಿಯ ತೇವ ಕುಡಿಯೋದು ನೋಡಿ ಗಾಬರಿಯಾಯಿತು.

ಗ್ರಾಫ್ಟಿಂಗ್ 82 ಅಲ್ಲ, 71. ಅದರ ಲೆಕ್ಕ 5.76 ಬರಬೇಕು. ಟೈಟ್ರೇಷನ್‌ನಲ್ಲಿ ಖಾಲಿ ಬಾಟಲಿ 24.8, ಬಟ್ಟೆ 17.7. ಅಂದರೆ 5.68. 1550ರ ಗುಡ್ಡವೂ ಮಾಯ.

ಬ್ಯೂರೆಟ್_ಭಟ್ಟ
ಭೇಷ್! ಈಗ ಗೈಡ್ ಹತ್ತಿರ ಹೋಗಬಹುದು.

ರೆಸಿನ್_ರಾಯ
82ರಿಂದ 71. ಹನ್ನೊಂದು ಅಂಶ ಗೋಂದು ಮತ್ತು ತೇವ. ನಾನು ಏನು ಹೇಳಿದ್ದೆ?

ಬ್ಯೂರೆಟ್_ಭಟ್ಟ
ನೀವು 8 ಆಗುತ್ತೆ ಅಂದಿದ್ರಿ ರಾಯರೇ. ಮೇಲೆ ಬರೆದದ್ದು ಇನ್ನೂ ಇದೆ.

ಲ್ಯಾಬ್_ಅಕ್ಕ
ಈಗ ಇನ್ನೊಂದು ಕೆಲಸ ಮಾಡಿ, ಹತ್ತು ನಿಮಿಷದ್ದು. ಒಂದು ತುಂಡನ್ನು ಮೆಥಿಲೀನ್ ಬ್ಲೂನಲ್ಲಿ ಅದ್ದಿ, ಜಾಲಿಸಿ, ಎಳೆಯನ್ನು ಅಡ್ಡ ಕೊಯ್ದು ಮೈಕ್ರೋಸ್ಕೋಪ್‌ನಲ್ಲಿ ನೋಡಿ. ನೀಲಿ ಎಲ್ಲಿಯವರೆಗೆ ಹೋಗಿದೆ ಅಂತ.

ನಾರುಬಟ್ಟೆ
ನೋಡಿದೆ ಅಕ್ಕ. ಬಹಳ ಎಳೆಗಳು ಪೂರ್ತಿ ನೀಲಿ. ದಪ್ಪ ಎಳೆಗಳಲ್ಲಿ ಮಾತ್ರ ಸುತ್ತಲೂ ನೀಲಿ ಬಳೆ, ನಡುವೆ ಬೆಳ್ಳಗೆ. ಬಟ್ಟೆಯ ಅಂಚಿನ ತುಂಡು ಗಾಢವಾಗಿದೆ, ಮಧ್ಯದ್ದು ತೆಳು. ಇದು ಯಾಕೆ?

ಗಾಮಾ60
ಬಳೆ ಸಹಜ. ಪಾಲಿಪ್ರೊಪಿಲೀನ್ ಒಳಗೆ ಅಕ್ರಿಲಿಕ್ ಆಸಿಡ್ ತಾನಾಗಿ ಇಳಿಯಲ್ಲ. ಮೇಲಿನ ಪದರ ಮೊದಲು ಗ್ರಾಫ್ಟ್ ಆಗಿ, ಉಬ್ಬಿ, ದಾರಿ ಬಿಟ್ಟ ಮೇಲೆ ಮುಂದಿನ ಪದರ. ಹೀಗೆ ಹೊರಗಿನಿಂದ ಒಳಕ್ಕೆ. ದಪ್ಪ ಎಳೆಗೆ ಮೂರು ಗಂಟೆ ಸಾಲಲಿಲ್ಲ ಅಷ್ಟೇ. ಅಂಚು, ಮಧ್ಯದ ವ್ಯತ್ಯಾಸ ಬೇರೆ. ಬಟ್ಟೆಯನ್ನು ಮಡಿಚಿ ಟ್ಯೂಬ್‌ಗೆ ತುರುಕಿದ್ದೀರಾ?

ನಾರುಬಟ್ಟೆ
ನಾಲ್ಕು ಮಡಿಕೆ. ಟ್ಯೂಬ್ ಚಿಕ್ಕದು ಸರ್.

ಗಾಮಾ60
ಹಾಗಾದರೆ ಟ್ಯೂಬ್ ದೊಡ್ಡದು ತಗೊಳ್ಳಿ. ಇಲ್ಲವಾದರೆ ಬಟ್ಟೆ ಸುರುಳಿ ಸುತ್ತಿ, ಪದರದ ನಡುವೆ ಸ್ಟೀಲ್ ಜಾಲರಿ ಇಡಿ, ನೈಟ್ರೋಜನ್ ಕೆಳಗಿನಿಂದ ಬಿಡಿ. ಸದ್ಯಕ್ಕೆ ಅಂಚಿನದೊಂದು, ಮಧ್ಯದ್ದೊಂದು ತುಂಡು ಬೇರೆ ಬೇರೆ ಟೈಟ್ರೇಟ್ ಮಾಡಿ, ಎರಡೂ ನಂಬರ್ ಹಾಕಿ.

ಪೀಣ್ಯ_ಸೆಕೆಂಡ್_ಸ್ಟೇಜ್
ಮೇಡಂ, ನಮ್ಮ ನಿಕಲ್ ನೀರು ಎರಡು ಕ್ಯಾನ್ ಕಳಿಸಲಾ? ಪಿಎಚ್ 5.5 ಇದೆ. ಸಾಗಣೆ ಖರ್ಚು ನಮ್ಮದೇ.

ನಾರುಬಟ್ಟೆ
ಕಳಿಸಿ ಸರ್, ಮೆಸೇಜ್ ಮಾಡ್ತೀನಿ. ನೀರಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಅಂತ ಮಾತ್ರ ಮೊದಲೇ ಹೇಳಿಬಿಡಿ.

ಪೀಣ್ಯ_ಸೆಕೆಂಡ್_ಸ್ಟೇಜ್
ಬೋರ್ ನೀರೇ ಮೇಡಂ. 😅